ಹೊಳ್ಳೆಯಲ್ಲಿ ಇಣುಕುವ ಕಾರ್ಟಿಲೇಜ್: ಕೊಯ್ದು ತೆಗೆಯಬೇಕೋ, ಜಾಗಕ್ಕೆ ಕೂರಿಸಬೇಕೋ?

ಪ್ರಶ್ನೆ: ನನಗೆ 25 ವರ್ಷ. ಜಮಖಂಡಿ ತಾಲೂಕಿನ ಹಳ್ಳಿಯವಳು. ಚಿಕ್ಕವಳಿದ್ದಾಗ ಸೈಕಲ್ ಮೇಲಿಂದ ಬಿದ್ದು ಮೂಗಿಗೆ ಪೆಟ್ಟಾಗಿತ್ತು. ಈಗ ಎಡ ಹೊಳ್ಳೆಯಲ್ಲಿ ಬಿಳಿ ಗಂಟಿನಂಥದ್ದು ಹೊರಗಿನಿಂದಲೇ ಕಾಣುತ್ತದೆ. ಮೂಗಿನ ತುದಿಯೂ ಸ್ವಲ್ಪ ವಾಲಿದೆ. ಎಡಗಡೆ ಉಸಿರೇ ಆಡುವುದಿಲ್ಲ. ರಾತ್ರಿ ಮೂಗಿಗೆ ಹನಿ ಹಾಕದಿದ್ದರೆ ನಿದ್ದೆ ಬರುವುದಿಲ್ಲ. ವಿಜಯಪುರದಲ್ಲಿ ಒಬ್ಬ ಡಾಕ್ಟರು ಸೆಪ್ಟೋಪ್ಲಾಸ್ಟಿ (ಮೂಗಿನ ಒಳಗೋಡೆಯ ಆಪರೇಷನ್) ಸಾಕು ಅಂದರು. ಇನ್ನೊಬ್ಬರು ರೈನೋಪ್ಲಾಸ್ಟಿಯನ್ನೂ (ಹೊರ ಆಕಾರ ತಿದ್ದುವುದನ್ನೂ) ಸೇರಿಸಿ ಮಾಡಬೇಕು ಅಂದರು. ನಮ್ಮ ಚಿಗವ್ವ ಮಾತ್ರ "ಮೂಗಿನಾಗಿನ ಎಲುಬು ಕೊಯ್ಸಿದ್ರ ಮತ್ತ ಬೆಳಿತೈತಿ, ಮೂಗು ಕುಂತ್ ಹೋಗ್ತೈತಿ" ಅಂತ ಹೆದರಿಸುತ್ತಾಳೆ. ಮನೆಯಲ್ಲಿ ಮದುವೆ ಮಾತು ನಡೆದಿದೆ. ಆಪರೇಷನ್ ಮಾಡಿಸಲೋ ಬೇಡವೋ? ಮಾಡಿಸಿದರೆ ಯಾವುದು?

ಉತ್ತರ: ನಿಮ್ಮ ಮೂಗಿನಲ್ಲಿ ಹೊಸದಾಗಿ ಏನೂ ಬೆಳೆದಿಲ್ಲ. ಮೊದಲಿನಿಂದ ಇದ್ದದ್ದೇ ಜಾಗ ಬಿಟ್ಟು ಸರಿದಿದೆ. ನೀವು ಬರೆದದ್ದನ್ನು ಓದಿದರೆ ಹಾಗೇ ಅನ್ನಿಸುತ್ತದೆ. ಮೂಗು ನೋಡದೆ ಇದಕ್ಕಿಂತ ಜಾಸ್ತಿ ಗಟ್ಟಿಯಾಗಿ ಹೇಳಲು ಬರುವುದಿಲ್ಲ. ಆದರೂ ಈ ಒಂದು ಮಾತು ಗಮನದಲ್ಲಿಟ್ಟುಕೊಳ್ಳಿ. ಆಪರೇಷನ್ ಯಾವುದು, ಎಷ್ಟು, ಯಾಕೆ ಅನ್ನುವುದೆಲ್ಲ ಇದರ ಮೇಲೇ ನಿಂತಿದೆ.

ಎರಡು ಹೊಳ್ಳೆಗಳ ನಡುವೆ ಒಂದು ಗೋಡೆ ಇದೆ. ಅದನ್ನು ಸೆಪ್ಟಮ್ ಅನ್ನುತ್ತೇವೆ. ಹಿಂದಿನ ಭಾಗ ಎಲುಬು, ಮುಂದಿನ ಭಾಗ ಕಾರ್ಟಿಲೇಜ್. ಕಿವಿ ಮಡಚಿದರೆ ಬಾಗಿ ಮತ್ತೆ ನೆಟ್ಟಗಾಗುತ್ತದಲ್ಲ, ಅದರೊಳಗೆ ಇರುವುದೂ ಕಾರ್ಟಿಲೇಜೇ. ಮೂಗಿನ ಕಾರ್ಟಿಲೇಜಿನ ಕೆಳ ಅಂಚು ಮೇಲ್ದವಡೆಯ ಎಲುಬಿನ ಮೇಲಿರುವ ಸಣ್ಣ ಜಾಡಿನಲ್ಲಿ ಕೂತಿರುತ್ತದೆ. ಕಪಾಟಿನ ಸರಿಯುವ ಗಾಜು ಜಾಡು ತಪ್ಪಿದರೆ ಒಂದು ಮೂಲೆ ಹೊರಗೆ ಚಾಚಿಕೊಳ್ಳುತ್ತದೆ ಅಲ್ವಾ? ನಿಮ್ಮ ಕಾರ್ಟಿಲೇಜಿಗೂ ಬಹುಶಃ ಅದೇ ಆಗಿದೆ. ಮುಂದಿನ ಅಂಚು ನಡುಗೆರೆ ಬಿಟ್ಟು ಎಡ ಹೊಳ್ಳೆಗೆ ಬಂದಿದೆ. ನೀವು ಕನ್ನಡಿಯಲ್ಲಿ ನೋಡುವ ಬಿಳಿ ಗಂಟು ಅದೇ. ತೆಳು ಚರ್ಮದಡಿ ಕಾರ್ಟಿಲೇಜ್ ಬಿಳಿಯಾಗಿಯೇ ಕಾಣುತ್ತದೆ.

ಪೆಟ್ಟಾದಾಗ ಜಾರಿದ್ದು ಒಂಚೂರೇ ಇರಬಹುದು. ಆದರೆ ಮೂಗು ಹದಿಹರೆಯ ಮುಗಿಯುವವರೆಗೆ ಬೆಳೆಯುತ್ತಿರುತ್ತದೆ. ಜಾಡು ತಪ್ಪಿದ ಕಾರ್ಟಿಲೇಜ್ ತಪ್ಪಿದ ದಿಕ್ಕಿಗೇ ಬೆಳೆಯುತ್ತದೆ. ಹಾಗಾಗಿ ಎಂಟು ವರ್ಷದಲ್ಲಿ ಬಿದ್ದ ಮಗುವಿಗೆ ಹದಿನೆಂಟರಲ್ಲಿ ಮೂಗು ಸೊಟ್ಟ ಕಾಣುತ್ತದೆ. ಮನೆಯವರಿಗೆ ಬಿದ್ದ ನೆನಪೂ ಇರುವುದಿಲ್ಲ. ಕೆಲವರಿಗೆ ತಾವು ಹುಟ್ಟುವ ಹೊತ್ತಿನ ಒತ್ತಡಕ್ಕೇ ಜಾರಿರುತ್ತದೆ.

ಮಕ್ಕಳಿರುವವರಿಗಾಗಿ ನಡುವೆ ಒಂದು ಮಾತು. ಮಗು ಬಿದ್ದು ಮೂಗಿಗೆ ಪೆಟ್ಟಾದರೆ ರಕ್ತ ನಿಂತಿತು ಅಂತ ಸುಮ್ನೆ ಕೂರಬೇಡಿ. ಎರಡೂ ಕಡೆ ಮೂಗು ಕಟ್ಟಿದರೆ, ಒಳಗೆ ಮೆತ್ತನೆಯ ಕೆಂಪು ಬಾವು ಕಂಡರೆ, ಅದೇ ದಿನ ಕಿವಿ-ಮೂಗು-ಗಂಟಲು ಡಾಕ್ಟರಿಗೆ ತೋರಿಸಿ. ಕಾರ್ಟಿಲೇಜಿಗೆ ತನ್ನದೇ ರಕ್ತನಾಳ ಇಲ್ಲ. ಅದರ ಮೇಲೆ ಅಂಟಿಕೊಂಡ ಪೊರೆಯಿಂದಲೇ ಆಹಾರ ಸಿಗಬೇಕು. ಪೊರೆಗೂ ಕಾರ್ಟಿಲೇಜಿಗೂ ನಡುವೆ ರಕ್ತ ತುಂಬಿಕೊಂಡು ಹಾಗೇ ಉಳಿದರೆ ಮೂರು-ನಾಲ್ಕು ದಿನದಲ್ಲಿ ಕಾರ್ಟಿಲೇಜ್ ಸಾಯುತ್ತದೆ. ಆಮೇಲೆ ಮೂಗಿನ ನಡುಭಾಗ ಕುಸಿಯುತ್ತದೆ. ಸಣ್ಣ ಗಾಯ ಮಾಡಿ ಆ ರಕ್ತ ಹೊರಗೆ ಬಿಟ್ಟರೆ ಇದನ್ನು ತಪ್ಪಿಸಬಹುದು. ಗರಡಿಯಲ್ಲಿ, ಕಬಡ್ಡಿಯಲ್ಲಿ ಮೂಗು ಒಡೆಸಿಕೊಳ್ಳುವ ಹುಡುಗರಿಗೂ ಇದೇ ಮಾತು.

ಈಗ ನಿಮ್ಮ ವಿಷಯ. ಬಹುಪಾಲು ಜನರ ನಡುಗೋಡೆ ಒಂದಿಷ್ಟು ಸೊಟ್ಟವೇ. ಸೊಟ್ಟ ಇದೆ ಅಂತ ಯಾರಿಗೂ ಆಪರೇಷನ್ ಬೇಕಾಗುವುದಿಲ್ಲ. ಸೊಟ್ಟದಿಂದ ತೊಂದರೆ ಆಗುತ್ತಿದೆಯೋ ಇಲ್ಲವೋ ಅನ್ನುವುದೇ ಪ್ರಶ್ನೆ. ನಮ್ಮ ಕ್ಲಿನಿಕ್ಕಿನಲ್ಲಿ ಮೊದಲು ಯಂತ್ರ ಮುಟ್ಟುವುದಿಲ್ಲ. ಹೆಬ್ಬೆರಳಿನಿಂದ ಮೂಗಿನ ತುದಿಯನ್ನು ಮೆಲ್ಲಗೆ ಮೇಲಕ್ಕೆತ್ತುತ್ತೇವೆ. ಜಾರಿದ ಅಂಚು ಆಗಲೇ ಎದುರಿಗೆ ಬರುತ್ತದೆ. ಆಮೇಲೆ ನಾಲಿಗೆ ಒತ್ತುವ ತಣ್ಣನೆ ಸ್ಟೀಲ್ ಪಟ್ಟಿಯನ್ನು ಮೂಗಿನ ಕೆಳಗೆ ಹಿಡಿದು ಉಸಿರು ಬಿಡಿ ಅನ್ನುತ್ತೇವೆ. ಪಟ್ಟಿಯ ಮೇಲೆ ಎರಡು ಮಂಜಿನ ಗುರುತು ಮೂಡುತ್ತವೆ. ಕಟ್ಟಿದ ಕಡೆಯದು ಸಣ್ಣದಾಗಿರುತ್ತದೆ, ಇಲ್ಲವೇ ಮೂಡುವುದೇ ಇಲ್ಲ. ನೀವು ಮನೆಯಲ್ಲಿ ಸ್ಟೀಲ್ ತಟ್ಟೆಯಲ್ಲೇ ಇದನ್ನು ನೋಡಬಹುದು. ಆದರೆ ಒಮ್ಮೆ ನೋಡಿ ತೀರ್ಮಾನಕ್ಕೆ ಬರಬೇಡಿ. ಆರೋಗ್ಯವಂತರಿಗೂ ಕೆಲವು ತಾಸು ಒಂದು ಹೊಳ್ಳೆ, ಆಮೇಲೆ ಇನ್ನೊಂದು ಹೊಳ್ಳೆ ಬಿಗಿಯಾಗುತ್ತಿರುತ್ತದೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಯಾವಾಗ ನೋಡಿದರೂ ಎಡಗಡೆಯೇ ಸಣ್ಣದಾದರೆ ಅದಕ್ಕೆ ಅರ್ಥವಿದೆ.

ನಿಮ್ಮ ಪತ್ರದಲ್ಲಿ ನನಗೆ ಗಂಟಿಗಿಂತ ಜಾಸ್ತಿ ಚಿಂತೆ ತಂದದ್ದು ಆ ರಾತ್ರಿಯ ಹನಿ. ಆಕ್ಸಿಮೆಟಾಜೋಲಿನ್, ಝೈಲೋಮೆಟಾಜೋಲಿನ್ ಇರುವ ಹನಿಗಳು ಐದಾರು ದಿನದ ನೆಗಡಿಗೆ ಇರುವಂಥವು. ತಿಂಗಳುಗಟ್ಟಲೆ ಹಾಕಿದರೆ ಹನಿಯ ಜೋರು ಇಳಿದ ಕೂಡಲೇ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ. ಮತ್ತೆ ಹನಿ, ಮತ್ತೆ ಕಟ್ಟುವುದು. ನಿಮ್ಮ ಮೂಗು ಕಟ್ಟುವುದರಲ್ಲಿ ಕಾರ್ಟಿಲೇಜಿನ ಪಾಲೆಷ್ಟು, ಹನಿಯ ಪಾಲೆಷ್ಟು ಅಂತ ಹನಿ ಬಿಡುವವರೆಗೆ ಯಾವ ಡಾಕ್ಟರಿಗೂ ತಿಳಿಯುವುದಿಲ್ಲ. ಒಮ್ಮೆಲೇ ಬಿಡಲಾಗದಿದ್ದರೆ ಮೊದಲು ಒಂದು ಹೊಳ್ಳೆಗೆ ನಿಲ್ಲಿಸಿ, ವಾರದ ನಂತರ ಇನ್ನೊಂದಕ್ಕೂ ನಿಲ್ಲಿಸಿ. ಆ ದಿನಗಳಲ್ಲಿ ಡಾಕ್ಟರು ಸ್ಟೆರಾಯ್ಡ್ ಸ್ಪ್ರೇ ಬರೆದುಕೊಡುತ್ತಾರೆ. ಸ್ಟೆರಾಯ್ಡ್ ಅಂದ ತಕ್ಷಣ ಹೆದರಬೇಡಿ. ಅದು ಮೂಗಿನೊಳಗಷ್ಟೇ ಕೆಲಸ ಮಾಡುತ್ತದೆ, ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಆದರೆ ಅದು ಹನಿಯಷ್ಟು ಬೇಗ ಮೂಗು ಬಿಡಿಸುವುದಿಲ್ಲ, ಒಂದೆರಡು ವಾರ ತಾಳ್ಮೆ ಬೇಕು. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ ಹೊಡೆದುಕೊಳ್ಳಿ. ಆಗ ಮದ್ದು ನಡುಗೋಡೆಗೆ ಬಡಿಯದೆ ಹೊರಗಿನ ಗೋಡೆಯ ಕಡೆ ಹೋಗುತ್ತದೆ. ನಡುಗೋಡೆಗೇ ಹೊಡೆದುಕೊಳ್ಳುತ್ತಿದ್ದರೆ ಒಣಗಿ ರಕ್ತ ಬರುತ್ತದೆ.

ನಮ್ಮ ಕಡೆ ಇನ್ನೊಂದು ಸಂಗತಿ ಇದೆ. ಕಬ್ಬು ಕಡಿದ ಮೇಲೆ ರವದಿ ಸುಡುವ ಹೊಗೆ, ಜೋಳದ ರಾಶಿಯ ಧೂಳು, ಬೇಸಿಗೆಯ ಒಣ ಗಾಳಿ. ಅಲರ್ಜಿ ಇದ್ದವರಿಗೆ ಇವು ಸಾಕು. ಮೂಗಿನ ಪಕ್ಕದ ಗೋಡೆಗಳಲ್ಲಿ ಟರ್ಬಿನೇಟ್ ಅನ್ನುವ ಮೆತ್ತನೆಯ ಉಬ್ಬುಗಳು ಎಲ್ಲರಿಗೂ ಇರುತ್ತವೆ. ಒಳಗೆ ಹೋಗುವ ಗಾಳಿಯನ್ನು ಬೆಚ್ಚಗೆ, ತೇವವಾಗಿ ಮಾಡುವುದು ಅವುಗಳ ಕೆಲಸ. ಅಲರ್ಜಿಗೆ ಅವು ಊದಿಕೊಳ್ಳುತ್ತವೆ. ಅದನ್ನೇ ಎಷ್ಟೋ ಜನ "ದುರ್ಮಾಂಸ ಬೆಳೆದಿದೆ" ಅಂತ ತಿಳಿದು ಹೆದರಿ ಬರುತ್ತಾರೆ. ನಿಮಗೆ ಸಾಲು ಸೀನು, ಕಣ್ಣು ತುರಿಕೆ, ನೀರಿನಂಥ ಸಿಂಬಳ ಇದ್ದರೆ ಅಲರ್ಜಿಗೆ ಮದ್ದು ಮೊದಲು ಆಗಲಿ. ನಡುಗೋಡೆ ಎಷ್ಟೇ ನೆಟ್ಟಗೆ ಮಾಡಿದರೂ ಅಲರ್ಜಿ ಅಲ್ಲೇ ಇರುತ್ತದೆ.

ಹಾಗಾದರೆ ಮದ್ದಿನಲ್ಲೇ ಹೋಗುವುದಿಲ್ಲವೇ? ಊದಿದ್ದು ಇಳಿಯುತ್ತದೆ. ಜಾರಿದ ಕಾರ್ಟಿಲೇಜ್ ಮದ್ದಿಗೆ ಜಾಗಕ್ಕೆ ಬರುವುದಿಲ್ಲ. ಆಪರೇಷನ್ನಿನಿಂದ ನಿಜಕ್ಕೂ ಲಾಭ ಇದೆಯೇ ಅನ್ನುವ ಅನುಮಾನ ಡಾಕ್ಟರುಗಳಿಗೂ ಬಹಳ ಕಾಲ ಇತ್ತು. ನೆದರ್ಲೆಂಡ್ಸ್‌ನಲ್ಲಿ 203 ಜನರ ಮೇಲೆ ನಡೆದ ಅಧ್ಯಯನ 2019ರಲ್ಲಿ, ಬ್ರಿಟನ್ನಿನಲ್ಲಿ 378 ಜನರ ಮೇಲೆ ನಡೆದ ಅಧ್ಯಯನ 2023ರಲ್ಲಿ ಪ್ರಕಟವಾದವು. ಎರಡರಲ್ಲೂ ಚೀಟಿ ಎತ್ತಿದಂತೆ ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸೆಪ್ಟೋಪ್ಲಾಸ್ಟಿ ಮಾಡಿದರು, ಇನ್ನೊಂದಕ್ಕೆ ಆಪರೇಷನ್ ಇಲ್ಲದ ಆರೈಕೆ ಕೊಟ್ಟರು. ಎರಡರಲ್ಲೂ ಆಪರೇಷನ್ ಆದವರೇ ಚೆನ್ನಾಗಿ ಉಸಿರಾಡಿದರು. ಬ್ರಿಟನ್ನಿನ ಅಧ್ಯಯನದಲ್ಲಿ ಆರು ತಿಂಗಳ ನಂತರವೂ ದೊಡ್ಡ ಅಂತರವೇ ಇತ್ತು. ಅಂದರೆ ತೊಂದರೆ ನಿಜವಿದ್ದು, ಕಾರಣ ನಡುಗೋಡೆಯೇ ಆಗಿದ್ದರೆ ಆಪರೇಷನ್ ದಂಡವಲ್ಲ.

ಈಗ ಇಬ್ಬರು ಡಾಕ್ಟರುಗಳ ಎರಡು ಮಾತು. ಒಬ್ಬರು ಸುಳ್ಳು, ಇನ್ನೊಬ್ಬರು ನಿಜ ಅಂತ ತಿಳಿಯಬೇಡಿ. ಸೆಪ್ಟೋಪ್ಲಾಸ್ಟಿ ಅಂದರೆ ಒಳಗಿನ ಗೋಡೆ ಸರಿ ಮಾಡುವುದು. ರೈನೋಪ್ಲಾಸ್ಟಿ ಅಂದರೆ ಮೂಗಿನ ಹೊರ ಆಕಾರ ತಿದ್ದುವುದು. ಎರಡನ್ನೂ ಒಟ್ಟಿಗೆ ಮಾಡಿದರೆ ಸೆಪ್ಟೋರೈನೋಪ್ಲಾಸ್ಟಿ. ನಿಮಗೆ ಯಾವುದು ಬೇಕು ಅಂತ ಒಂದು ಫೋಟೊದಿಂದ ಅಂದಾಜು ಮಾಡಬಹುದು. ನೇರ ಎದುರಿನಿಂದ ತೆಗೆದ ಫೋಟೊದಲ್ಲಿ ಕುಂಕುಮ ಇಡುವ ಜಾಗದಿಂದ ಮೇಲ್ದುಟಿಯ ನಡುವಿನ ತಗ್ಗಿನವರೆಗೆ ಗೆರೆ ಎಳೆಯಿರಿ. ಮೇಲಿನ ಎಲುಬಿನ ಭಾಗ ಗೆರೆಯ ಮೇಲೇ ಇದ್ದು, ತುದಿ ಮಾತ್ರ ವಾಲಿದ್ದರೆ, ಮುಂದಿನ ಕಾರ್ಟಿಲೇಜನ್ನು ನಡುವಿಗೆ ತಂದಾಗ ತುದಿಯೂ ಬಹಳಷ್ಟು ನೆಟ್ಟಗಾಗುತ್ತದೆ. ಯಾಕೆಂದರೆ ತುದಿಗೆ ಆಸರೆಯೇ ಆ ಅಂಚು. ಆಗ ಒಳಗಿನ ಕೆಲಸವೇ ಸಾಕಾಗಬಹುದು. ಮೇಲಿನ ಎಲುಬೇ ಒಂದು ಕಡೆ ವಾಲಿದ್ದರೆ, ಅಥವಾ ಮೂಗಿನ ನಡುಭಾಗ ಬಿಲ್ಲಿನಂತೆ ಬಾಗಿದ್ದರೆ, ಒಳಗೋಡೆ ಮಾತ್ರ ತಿದ್ದಿ ಉಪಯೋಗವಿಲ್ಲ. ಬಾಗಿದ ಹೊರಗೋಡೆ ಅದನ್ನು ಮತ್ತೆ ಎಳೆಯುತ್ತದೆ. ಅಂಥ ಮೂಗಿಗೆ ಎರಡೂ ಬೇಕು, ಚೆಂದಕ್ಕಾಗಿ ಅಲ್ಲ, ಉಸಿರಿಗಾಗಿಯೇ. ಹಾಗಾಗಿ ಎರಡನೆಯ ಡಾಕ್ಟರಿಗೆ "ಯಾಕೆ ಬೇಕು?" ಅಂತ ನೇರವಾಗಿ ಕೇಳಿ. ನಿಮ್ಮ ಫೋಟೊ ತೋರಿಸಿ ವಿವರಿಸಿದರೆ ಅವರ ಮಾತಿನಲ್ಲಿ ಹುರುಳಿದೆ. "ಹೇಗೂ ಕೊಯ್ಯುತ್ತೇವೆ, ಅದನ್ನೂ ಮಾಡಿಬಿಡೋಣ" ಅಂದರೆ ಎದ್ದು ಬನ್ನಿ.

ಆಪರೇಷನ್ ಹೇಗೆ ನಡೆಯುತ್ತದೆ ಅಂತ ತಿಳಿದರೆ ಅರ್ಧ ಹೆದರಿಕೆ ಹೋಗುತ್ತದೆ. ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ ಕೊಡುತ್ತಾರೆ. ಸೆಪ್ಟೋಪ್ಲಾಸ್ಟಿಗೆ ಸುಮಾರು ಒಂದು ತಾಸು ಹಿಡಿಯುತ್ತದೆ. ಗಾಯ ಹೊಳ್ಳೆಯ ಒಳಗೆ, ಜಾರಿದ ಅಂಚಿನ ಮೇಲೇ ಬೀಳುತ್ತದೆ, ಹೊರಗೆ ಕಲೆ ಇರುವುದಿಲ್ಲ. ಅಲ್ಲಿಂದ ಮೊಂಡು ಉಪಕರಣದಲ್ಲಿ ಪೊರೆಯನ್ನು ಕಾರ್ಟಿಲೇಜಿನಿಂದ ಬಿಡಿಸುತ್ತಾ ಹೋಗುತ್ತಾರೆ. ಸರಿಯಾದ ಪದರ ಸಿಕ್ಕರೆ ಹೊಳೆಯುವ ನೀಲಿ-ಬಿಳಿ ಕಾರ್ಟಿಲೇಜ್ ಕಾಣುತ್ತದೆ, ರಕ್ತವೂ ಕಡಿಮೆ. ಜಾಡಿನಿಂದ ಹೊರಬಿದ್ದ ಕೆಳ ಅಂಚಿನಲ್ಲಿ ಉದ್ದ ಜಾಸ್ತಿಯಾದ ಸಣ್ಣ ಪಟ್ಟಿಯನ್ನಷ್ಟೇ ಕತ್ತರಿಸುತ್ತಾರೆ. ಈಗ ಉಳಿದ ಕಾರ್ಟಿಲೇಜ್ ನಡುವಿಗೆ ತಿರುಗಲು ಸಡಿಲವಾಗುತ್ತದೆ. ಮೇಲ್ದುಟಿಯ ಹಿಂದೆ, ಹೊಳ್ಳೆಗಳ ಬುಡದಲ್ಲಿ, ಒಂದು ಸಣ್ಣ ಎಲುಬಿನ ಮೊನೆ ಇದೆ. ಕಾರ್ಟಿಲೇಜನ್ನು ಅದರ ಮೇಲೆ ಕೂರಿಸಿ ಹೊಲಿಯುತ್ತಾರೆ. ಇಡೀ ಆಪರೇಷನ್ನಿನ ಜೀವ ಈ ಹೊಲಿಗೆಯಲ್ಲಿದೆ. ಕಾರ್ಟಿಲೇಜ್ ತನ್ನ ಹಳೆಯ ಬಾಗನ್ನು ಸುಲಭಕ್ಕೆ ಬಿಡುವುದಿಲ್ಲ. ಬರೀ ನೆಟ್ಟಗೆ ನಿಲ್ಲಿಸಿ ಬಂದರೆ ಕೆಲವೇ ವಾರದಲ್ಲಿ ಮತ್ತೆ ವಾಲಬಹುದು. ಬಾಗು ತೀರಾ ಜಾಸ್ತಿ ಇದ್ದರೆ ಒಳಗಿನಿಂದಲೇ ತೆಗೆದ ಕಾರ್ಟಿಲೇಜಿನ ತುಂಡನ್ನು ಪಕ್ಕಕ್ಕೆ ಆಸರೆಯಾಗಿ ಹೊಲಿಯುವುದೂ ಉಂಟು.

"ಲೇಸರ್‌ನಲ್ಲಿ ಹತ್ತೇ ನಿಮಿಷ" ಅನ್ನುವ ಜಾಹೀರಾತು ನೋಡಿದ್ದರೆ ಮರೆತುಬಿಡಿ. ಊದಿದ ಟರ್ಬಿನೇಟ್ ಕುಗ್ಗಿಸಲು ಲೇಸರ್ ಬಳಸುತ್ತಾರೆ, ಸರಿ. ಜಾಡು ತಪ್ಪಿದ ಮುಂದಿನ ಅಂಚನ್ನು ಎಲುಬಿನ ಮೇಲೆ ಕೂರಿಸಲು ಸೂಜಿ-ದಾರವೇ ಬೇಕು.

ನಿಮ್ಮ ಚಿಗವ್ವನ ಮಾತಿಗೆ ಬರುತ್ತೇನೆ. ಅವರು ಸುಮ್ಮನೆ ಹೇಳುತ್ತಿಲ್ಲ, ಅಂಥ ಮೂಗು ಎಲ್ಲೋ ನೋಡಿರಬೇಕು. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಅಮೆರಿಕದ ಫ್ರೀರ್, ಜರ್ಮನಿಯ ಕಿಲಿಯನ್ ರೂಪಿಸಿದ ಆಪರೇಷನ್ ಬಹಳ ಕಾಲ ನಡೆಯಿತು. ಅದರಲ್ಲಿ ನಡುಗೋಡೆಯ ದೊಡ್ಡ ಭಾಗವನ್ನೇ ತೆಗೆದುಹಾಕುತ್ತಿದ್ದರು. ಜಾಸ್ತಿ ತೆಗೆದಲ್ಲಿ ಮೂಗು ಕುಸಿಯುತ್ತಿತ್ತು, ಗೋಡೆಯಲ್ಲಿ ತೂತು ಬೀಳುತ್ತಿತ್ತು. ಮುಂದಿನ ಅಂಚು ಮುಟ್ಟಲು ಬರದ ಕಾರಣ ನಿಮ್ಮಂಥ ತೊಂದರೆ ಹಾಗೇ ಉಳಿಯುತ್ತಿತ್ತು. ಆಗ ಜನ "ಮತ್ತೆ ಬೆಳೀತು" ಅನ್ನುವುದು ಸಹಜವೇ. ಇಪ್ಪತ್ತನೇ ಶತಮಾನದ ನಡುವಿನಲ್ಲಿ ಷಿಕಾಗೋದ ಕಾಟಲ್ ಮತ್ತವರ ಜೊತೆಯವರು, ತೆಗೆಯುವುದಕ್ಕಿಂತ ಬಿಡಿಸಿ ಮರಳಿ ಕೂರಿಸುವ ದಾರಿ ತೋರಿಸಿದರು. ಈಗ ಎಷ್ಟೇ ತೆಗೆದರೂ ಮೇಲೆ ಮತ್ತು ಮುಂದೆ ಕನಿಷ್ಠ ಒಂದು ಸೆಂಟಿಮೀಟರ್ ಅಗಲದ ಪಟ್ಟಿಯನ್ನು ಮುಟ್ಟದೆ ಬಿಡುತ್ತಾರೆ. ಮೂಗು ನಿಲ್ಲುವುದು ಅದರ ಮೇಲೆ. ನಿಮ್ಮ ವಯಸ್ಸಿಗೆ ಕಾರ್ಟಿಲೇಜ್ ಮತ್ತೆ ಬೆಳೆದು ಹೊರಗೆ ಬರುವುದಿಲ್ಲ. ಸ್ವಲ್ಪ ವಾಲಬಹುದು, ಕೆಲವರಿಗೆ ಎರಡನೇ ಸಲ ಆಪರೇಷನ್ ಬೇಕಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಮುಂದಿನ ಅಂಚಿನ ಕೆಲಸ ಹಿಂದಿನ ಎಲುಬಿನ ಕೆಲಸಕ್ಕಿಂತ ಕಷ್ಟದ್ದು. ಆದ್ದರಿಂದ ಡಾಕ್ಟರಿಗೆ "ಮುಂದಿನ ಅಂಚು ಜಾರಿದ ಇಂಥ ಮೂಗು ನೀವು ಆಗಾಗ ಮಾಡುತ್ತೀರಾ?" ಅಂತ ಕೇಳಲು ಸಂಕೋಚ ಬೇಡ.

ಇತರ ಅಪಾಯಗಳು ಕಡಿಮೆ, ಆದರೆ ಇವೆ. ರಕ್ತಸ್ರಾವ, ಸೋಂಕು, ನಡುಗೋಡೆಯಲ್ಲಿ ತೂತು. ತೂತು ಸಣ್ಣದಾದರೆ ಉಸಿರಾಡುವಾಗ ಸಿಳ್ಳೆ ಶಬ್ದ ಬರುತ್ತದೆ. ಮೇಲಿನ ಮುಂಹಲ್ಲುಗಳು ಕೆಲವು ವಾರ ಜೋಮು ಹಿಡಿದಂತೆ ಅನ್ನಿಸಬಹುದು. ಇದನ್ನು ಮೊದಲೇ ಹೇಳದಿದ್ದರೆ ಜನ ಗಾಬರಿಯಾಗಿ ಹಲ್ಲಿನ ಡಾಕ್ಟರ ಹತ್ತಿರ ಓಡುತ್ತಾರೆ. ಬಹುತೇಕ ತಾನೇ ಹೋಗುತ್ತದೆ.

ಆಪರೇಷನ್ನಿಗಿಂತ, ಆಮೇಲೆ ರಕ್ತ ನಿಲ್ಲಲು ಮೂಗಿನೊಳಗೆ ತುಂಬುವ ಬತ್ತಿಯ ಬಗ್ಗೆಯೇ ರೋಗಿಗಳು ಜಾಸ್ತಿ ಗೊಣಗುತ್ತಾರೆ. ಬತ್ತಿ ಇಟ್ಟರೆ ಒಂದೆರಡು ದಿನ ಬಾಯಲ್ಲೇ ಉಸಿರು. ಗಂಟಲು ಒಣಗುತ್ತದೆ, ತಲೆ ಭಾರ. ತೆಗೆಯುವಾಗ ಕೆಲವು ಕ್ಷಣ ಕಣ್ಣಲ್ಲಿ ನೀರು ಬರುತ್ತದೆ. ಈಗ ಬಹಳ ಜನ ಸರ್ಜನ್ನರು ಬತ್ತಿ ಇಡದೆ, ಪೊರೆಗಳನ್ನು ಸೇರಿಸಿ ಹೊಲಿದು, ಎರಡೂ ಕಡೆ ತೆಳು ಸಿಲಿಕೋನ್ ಹಾಳೆ ಇಟ್ಟು ಒಂದು ವಾರಕ್ಕೆ ತೆಗೆಯುತ್ತಾರೆ. ಮೊದಲೇ ಕೇಳಿಕೊಳ್ಳಿ. ಎರಡು ವಾರ ಮೂಗು ಸೀಟುವಂತಿಲ್ಲ. ಸೀನು ಬಂದರೆ ಬಾಯಿ ತೆರೆದೇ ಸೀನಿ. ತಲೆದಿಂಬು ಎತ್ತರ ಇರಲಿ. ಕೊಡ ಹೊರುವುದು, ಬಗ್ಗಿ ಕಸ ಹೊಡೆಯುವುದು ಎರಡು-ಮೂರು ವಾರ ಬೇರೆಯವರು ನೋಡಿಕೊಳ್ಳಲಿ. ಡಾಕ್ಟರು ಹೇಳಿದಂತೆ ಉಪ್ಪುನೀರಿನಲ್ಲಿ ಮೂಗು ತೊಳೆಯುವುದನ್ನು ತಪ್ಪಿಸಬೇಡಿ. ಒಳಗೆ ಕಟ್ಟುವ ಹಕ್ಕಳೆ ಮೆತ್ತಗಾಗಿ ಬರುವುದು ಅದರಿಂದಲೇ. ಕುದಿಸಿ ಆರಿಸಿದ ನೀರೇ ಆಗಬೇಕು. ಬೆರಳು ಹಾಕಿ ಕೀಳಬೇಡಿ. ಏಪ್ರಿಲ್-ಮೇ ಬಿಸಿಲಲ್ಲಿ ಮೂಗು ಒಣಗಿ ಹಕ್ಕಳೆ ಜಾಸ್ತಿ. ಮಳೆಗಾಲ ಶುರುವಾದ ಮೇಲೆ, ಕಬ್ಬಿನ ಹಂಗಾಮಿನ ಹೊಗೆ ಏಳುವ ಮೊದಲು ಮಾಡಿಸಿಕೊಂಡರೆ ನಿಮ್ಮ ಊರಿನವರಿಗೆ ಸುಖ. ಇದು ಪುಸ್ತಕದ ನಿಯಮ ಅಲ್ಲ, ನನ್ನ ಲೆಕ್ಕ.

ಜ್ವರ, ದಿನದಿಂದ ದಿನಕ್ಕೆ ಏರುವ ನೋವು, ಎರಡೂ ಕಡೆ ಒಮ್ಮೆಲೇ ಕಟ್ಟುವುದು, ನಿಲ್ಲದ ಕೆಂಪು ರಕ್ತ, ತಲೆನೋವಿನ ಜೊತೆ ಮೂಗಿನಿಂದ ತಿಳಿನೀರು ಇಳಿಯುವುದು, ಇದರಲ್ಲಿ ಒಂದು ಕಂಡರೂ ನಾಳೆಗೆ ಅಂತ ಬಿಡಬೇಡಿ. ಮೊದಲ ಕೆಲವು ದಿನ ಆಸ್ಪತ್ರೆ ಇರುವ ಊರಲ್ಲೇ ನೆಂಟರ ಮನೆಯಲ್ಲಿ ಉಳಿದರೆ ಒಳ್ಳೆಯದು.

ಮದುವೆಯ ವಿಷಯ. ಬರೀ ಸೆಪ್ಟೋಪ್ಲಾಸ್ಟಿ ಆದರೆ ಮುಖದಲ್ಲಿ ಹೆಚ್ಚು ಬಾವು ಬರುವುದಿಲ್ಲ. ಒಂದೂವರೆ ತಿಂಗಳು ಅಂತರ ಇದ್ದರೆ ಸಾಕು. ಎಲುಬಿನ ಕೆಲಸವೂ ಸೇರಿದರೆ ಕಣ್ಣಿನ ಕೆಳಗೆ ಒಂದೆರಡು ವಾರ ಕಪ್ಪಾಗುತ್ತದೆ, ಒಂದು ವಾರ ಮೂಗಿನ ಮೇಲೆ ಪ್ಲಾಸ್ಟರ್ ಇರುತ್ತದೆ, ಆಕಾರ ಪೂರ್ತಿ ನಿಲ್ಲಲು ವರ್ಷ ಹಿಡಿಯುತ್ತದೆ. ಮೂರು ತಿಂಗಳಿಗಿಂತ ಕಡಿಮೆ ಅವಧಿ ಇದ್ದರೆ ಮದುವೆ ಮುಗಿದ ಮೇಲೇ ಮಾಡಿಸಿ. ಮೂಗುತಿ ಇದ್ದರೆ ಆಪರೇಷನ್ನಿಗೆ ಮೊದಲು ತೆಗೆಯಲೇಬೇಕು. ಥಿಯೇಟರಿನಲ್ಲಿ ಬಳಸುವ ಕರೆಂಟ್ ಉಪಕರಣದಿಂದ ಲೋಹ ಇದ್ದಲ್ಲಿ ಸುಡುವ ಅಪಾಯ ಇದೆ. ಮತ್ತೆ ಯಾವಾಗ ಹಾಕಬಹುದು ಅಂತ ನಿಮ್ಮ ಸರ್ಜನ್ನರನ್ನು ಕೇಳಿ. ತೂತು ಮುಚ್ಚಿಕೊಳ್ಳುವ ಚಿಂತೆ ಇದ್ದರೆ ಅದನ್ನೂ ಹೇಳಿ. ಭಾರದ ನತ್ತು ಸದ್ಯಕ್ಕೆ ಬೇಡ. ನೋಡಲು ಬರುವವರ ಕಣ್ಣಿಗಾಗಿ ಮಾತ್ರ ಮೂಗು ಕೊಯ್ಸಿಕೊಳ್ಳಬೇಡಿ ಅನ್ನುವುದು ನನ್ನ ಖಡಕ್ ಮಾತು. ನಿಮಗೆ ಉಸಿರಿನ ತೊಂದರೆ ಇದೆ, ಆ ಕಾರಣ ಸಾಕು.

ಎಲ್ಲಿ ಮಾಡಿಸಬೇಕು ಅಂದರೆ, ದೂರದ ಬೆಂಗಳೂರು-ಮುಂಬೈ ಹಾದಿ ಹಿಡಿಯಬೇಕಿಲ್ಲ. ಬೆಳಗಾವಿಯ ಬಿಮ್ಸ್ ಮತ್ತು ಕೆಎಲ್‌ಇ, ವಿಜಯಪುರದ ಬಿಎಲ್‌ಡಿಇ, ಬಾಗಲಕೋಟೆಯ ನಿಜಲಿಂಗಪ್ಪ ವೈದ್ಯಕೀಯ ಕಾಲೇಜು, ಈ ಎಲ್ಲ ಕಡೆ ಕಿವಿ-ಮೂಗು-ಗಂಟಲು ವಿಭಾಗ ಇದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಆದರೆ ನೇರ ಖಾಸಗಿ ಆಸ್ಪತ್ರೆಗೆ ಹೋಗಬೇಡಿ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದಿದ್ದರೆ ಅವರಿಂದ ರೆಫರಲ್ ಪಡೆಯಬೇಕು. ನಿಮ್ಮ ಆಪರೇಷನ್ ಯೋಜನೆಯಲ್ಲಿ ಬರುತ್ತದೆಯೇ ಅಂತ ಅಲ್ಲಿನ ಆರೋಗ್ಯ ಮಿತ್ರರನ್ನು (ಯೋಜನೆಯ ಮಾಹಿತಿ ಕೊಡುವ ಸಿಬ್ಬಂದಿಯನ್ನು) ಮೊದಲೇ ಕೇಳಿ. ಖಾಸಗಿ ವಿಮೆ ಇದ್ದವರು ಪಾಲಿಸಿಯ ಕಾಯುವ ಅವಧಿ ನೋಡಿಕೊಳ್ಳಿ. ನಡುಗೋಡೆಯ ಆಪರೇಷನ್ನಿಗೆ ಹಲವು ಪಾಲಿಸಿಗಳಲ್ಲಿ ಎರಡು ವರ್ಷ ಇರುತ್ತದೆ. ಚೆಂದಕ್ಕಾಗಿ ಮಾಡಿಸುವ ರೈನೋಪ್ಲಾಸ್ಟಿಗೆ ಯೋಜನೆಯೂ ಕೊಡುವುದಿಲ್ಲ, ವಿಮೆಯೂ ಕೊಡುವುದಿಲ್ಲ. ಆದ್ದರಿಂದ ಉಸಿರಿಗಾಗಿಯೇ ಹೊರ ಆಕಾರ ತಿದ್ದಬೇಕು ಅಂತಾದರೆ, ಆ ಕಾರಣ, ಎಂಡೋಸ್ಕೋಪಿ (ಮೂಗಿನೊಳಗೆ ಸಣ್ಣ ಕೊಳವೆ ಹಾಕಿ ನೋಡುವ ಪರೀಕ್ಷೆ) ವರದಿ, ಹಳೆಯ ಪೆಟ್ಟಿನ ವಿವರ ಎಲ್ಲವೂ ಡಾಕ್ಟರ ಚೀಟಿಯಲ್ಲಿ ದಾಖಲಾಗಿರಲಿ.